ಕೊರಕಲು ಬಿದ್ದ ಇಳಿಜಾರಿನ ದುರಸ್ತಿ: ಕಲ್ಲು, ಕೊಂಬೆ, ಲಾವಂಚ

ಮೊದಲು ಜಾಗದ ಲೆಕ್ಕ. ಮೇಲಿನಿಂದ ಕೆಳಗೆ 40 ಮೀಟರ್ ಉದ್ದ, 20 ಮೀಟರ್ ಅಗಲದ ಇಳಿಜಾರು. ಒಟ್ಟು ಇಳಿತ 5 ಮೀಟರ್, ಅಂದರೆ ಶೇ. 12.5. ಕೆಳಗಿನ 24 ಮೀಟರ್‌ನಲ್ಲಿ ನಟ್ಟನಡುವೆ ಒಂದು ಕೊರಕಲು: ತಲೆಯ (ಅದು ಶುರುವಾಗುವ ಮೇಲ್ತುದಿಯ) ಹತ್ತಿರ 60 ಸೆಂ.ಮೀ. ಆಳ, ಕೆಳಗೆ ಹಳ್ಳ ಸೇರುವಲ್ಲಿ 90 ಸೆಂ.ಮೀ., ಅಗಲ ಸುಮಾರು ಒಂದೂವರೆ ಮೀಟರ್, ತಳದ ಇಳಿಜಾರು ಶೇ. 12. ಇಳಿಜಾರಿಗೆ ಮೇಲ್ಗಡೆಯಿಂದ ಇನ್ನೂ 1,200 ಚದರ ಮೀಟರ್ ಜಾಗದ ನೀರು ಬಂದು ಸೇರುತ್ತದೆ. ಸಿಮೆಂಟು ಇಲ್ಲ, ತಂತಿಬಲೆ ಇಲ್ಲ. ಕಾಡುಗಲ್ಲು, ಕೊಂಬೆ, ಹುಲ್ಲು, ತೆಂಗಿನ ನಾರಿನ ಬಲೆ, ಇಷ್ಟೇ ಸಾಮಗ್ರಿ. ಕೆಲಸ ಶುರುವಾದದ್ದು ಮಳೆಗಾಲಕ್ಕೆ ಆರು ವಾರ ಮುಂಚೆ.

ನೀರಿನ ಓಟಕ್ಕೆ ಅಡ್ಡಲಾಗಿ ಇವುಗಳಿಂದ ಮಾಡುವ ತಡೆಗಳು ನಡುಮಧ್ಯದಲ್ಲಿ ಒಡೆಯುವುದು ಅಪರೂಪ. ಕೆಡುವುದು ಸಂದಿಯಲ್ಲಿ: ಕಲ್ಲು ದಂಡೆಗೆ ಸೇರುವ ಕಡೆ, ಬಲೆ ಮಣ್ಣಿಗೆ ತಾಗುವ ಕಡೆ, ಹುಲ್ಲಿನ ಸಾಲು ಮುಗಿಯುವ ಕಡೆ. ಆದ್ದರಿಂದ ಈ ದಾಖಲೆಯಲ್ಲಿ ಹೆಚ್ಚು ಜಾಗ ಸಿಕ್ಕಿರುವುದು ಅಂಚುಗಳಿಗೇ.

ಮೊದಲ ವಾರ: ಅಳತೆ, ಮಣ್ಣಿನ ಪರೀಕ್ಷೆ

ಬರಿಮಣ್ಣಿನ ಮೇಲೆ ಬಗ್ಗಿ ನೋಡಿದರೆ ಅಲ್ಲಲ್ಲಿ ಬೆರಳಿನಷ್ಟು ಗಿಡ್ಡ ಮಣ್ಣಿನ ಕಂಬಗಳು, ಒಂದೊಂದರ ತಲೆಯ ಮೇಲೂ ಒಂದೊಂದು ಹರಳುಕಲ್ಲು. ಹರಳು ಕೂತಿದ್ದ ಕಡೆ ಮಳೆಹನಿಯ ಏಟು ಬೀಳಲಿಲ್ಲ, ಸುತ್ತಲಿನ ಮಣ್ಣು ಹೋಯಿತು. ಹಾಗಾಗಿ ಕಂಬದ ಎತ್ತರವೇ ಕಳೆದುಹೋದ ಮಣ್ಣಿನ ಅಳತೆ. ಇಲ್ಲಿ ಹೆಚ್ಚಿನವು 1 ಸೆಂ.ಮೀ. ಎತ್ತರದವು. ಒಂದು ಚದರ ಮೀಟರಿನಲ್ಲಿ 1 ಸೆಂ.ಮೀ. ಅಂದರೆ 10 ಲೀಟರ್ ಮಣ್ಣು, ತೂಕದಲ್ಲಿ ಸುಮಾರು 13 ಕೆ.ಜಿ. ಇಡೀ 800 ಚದರ ಮೀಟರಿಗೆ ಲೆಕ್ಕ ಹಾಕಿದರೆ 10 ಟನ್ ದಾಟುತ್ತದೆ. ಕೊರಕಲು ಕಣ್ಣಿಗೆ ರಾಚುತ್ತದೆ, ಈ ಸವೆತ ಕಾಣುವುದಿಲ್ಲ. ದಪ್ಪ ಮಳೆಹನಿ ನೆಲಕ್ಕೆ ಬಡಿಯುವ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಬರಿನೆಲದಲ್ಲಿ ಆ ಏಟಿಗೇ ಮಣ್ಣಿನ ಹೆಂಟೆ ಪುಡಿಯಾಗಿ, ಆ ಪುಡಿ ರಂಧ್ರಗಳನ್ನು ಮುಚ್ಚಿ, ನೀರು ಇಂಗದೆ ಹರಿಯತೊಡಗುತ್ತದೆ.

ಕಲ್ಲು ಮುಟ್ಟುವ ಮುನ್ನ ಮಾಡಲೇಬೇಕಾದ ಪರೀಕ್ಷೆ ಒಂದಿದೆ. ಕೊರಕಲಿನ ಗೋಡೆಯಿಂದ ಕಡಲೆಕಾಳಿಗಿಂತ ಚಿಕ್ಕದಾದ ಒಣ ಮಣ್ಣಿನ ಹೆಂಟೆ ತೆಗೆದು, ಗಾಜಿನ ಲೋಟದಲ್ಲಿ ಹಿಡಿದ ಮಳೆನೀರಿಗೆ ಅಥವಾ ಬಟ್ಟಿ ಇಳಿಸಿದ ನೀರಿಗೆ ಮೆಲ್ಲಗೆ ಬಿಡಬೇಕು. ಕಲಕಬಾರದು. ಹತ್ತು ನಿಮಿಷ, ಎರಡು ಗಂಟೆ, ಮತ್ತೆ ಮರುದಿನ ನೋಡಬೇಕು. ಹೆಂಟೆ ಕುಸಿದು ಗುಡ್ಡೆಯಾಗಿ ನೀರು ತಿಳಿಯಾಗಿಯೇ ಉಳಿದರೆ ತೊಂದರೆ ಇಲ್ಲ. ಸುತ್ತ ಹಾಲಿನಂಥ ಮಬ್ಬು ಹರಡಿದರೆ ಆ ಮಣ್ಣು ನೀರಿನಲ್ಲಿ ಕದಡಿ ಕರಗುವ ಜಾತಿ, ಸೋಡಿಯಂ ಹೆಚ್ಚಿರುವಂಥದ್ದು. ಅಲ್ಲಿ ಕಲ್ಲಿನ ತಡೆ ಕಟ್ಟಿ ನೀರು ನಿಲ್ಲಿಸಿದರೆ, ನಿಂತ ನೀರು ತಡೆಯ ಕೆಳಗೂ ಬದಿಗೂ ಸುರಂಗ ಕೊರೆದು ಹೊರಬರುತ್ತದೆ. ಅಂಥ ಮಣ್ಣಿಗೆ ಜಿಪ್ಸಂ ಬೆರೆಸುವುದು, ಮೇಲ್ಮಣ್ಣು ಹೊದಿಸುವುದು, ಹುಲ್ಲು ಹಿಡಿಸುವುದು ಸರಿ. ಗುಂಡಿ, ಕಾಲುವೆ ತೋಡುವುದು ತಪ್ಪು. ಇಲ್ಲಿನ ಹೆಂಟೆ ಹತ್ತೇ ನಿಮಿಷದಲ್ಲಿ ಕುಸಿಯಿತು, ಆದರೆ ಮರುದಿನವೂ ನೀರು ತಿಳಿಯಾಗಿತ್ತು. ಕಲ್ಲಿನ ಕೆಲಸ ಮಾಡಬಹುದು ಎಂದಾಯಿತು.

ಸಮಪಾತಳಿ ಗೆರೆ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಗೆರೆ, ಗುರುತಿಸಲು ಎ-ಚೌಕಟ್ಟು ಸಾಕು. 2 ಮೀಟರ್‌ಗಿಂತ ಸ್ವಲ್ಪ ಉದ್ದದ ಎರಡು ಗಳ, ನಡುವೆ ಅಡ್ಡಪಟ್ಟಿ, ತುದಿಯಿಂದ ದಾರದಲ್ಲಿ ಇಳಿಬಿಟ್ಟ ಕಲ್ಲು. ಕಾಲುಗಳ ನಡುವಿನ ಅಂತರ ಸರಿಯಾಗಿ 2 ಮೀಟರ್ ಇರಲಿ. ಎರಡು ಗೂಟದ ಮೇಲೆ ನಿಲ್ಲಿಸಿ ದಾರ ಅಡ್ಡಪಟ್ಟಿಯನ್ನು ದಾಟುವ ಕಡೆ ಗುರುತು ಹಾಕಿ, ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ನಿಲ್ಲಿಸಿ ಇನ್ನೊಂದು ಗುರುತು ಹಾಕಬೇಕು. ಎರಡರ ಮಧ್ಯಬಿಂದು ಸಮಮಟ್ಟ. ಈ ಅದಲುಬದಲು ಬಿಟ್ಟು ಕಣ್ಣಂದಾಜಿನಲ್ಲಿ ನಡುವೆ ಗುರುತು ಹಾಕಿದರೆ ಪ್ರತಿ ಹೆಜ್ಜೆಗೂ ಅದೇ ತಪ್ಪು ಕೂಡುತ್ತಾ ಹೋಗುತ್ತದೆ. ಗಾಳಿ ಇರುವಾಗ ದಾರ ಆಡುತ್ತದೆ. ಬೆಳಗಿನ ಹೊತ್ತು ಅಳೆಯುವುದು ಒಳ್ಳೆಯದು.

ಎರಡನೇ ವಾರ: ಮೇಲಿನ ಕಾಲುವೆ, ಕೊರಕಲಿನ ತಲೆ

ಕೆಲಸ ಮೇಲಿನಿಂದ ಕೆಳಗೆ ಹೋಗಬೇಕು. ಬರುವ ನೀರು ಬರುತ್ತಲೇ ಇರುವಾಗ ಕೊರಕಲಿನಲ್ಲಿ ಕಲ್ಲು ಪೇರಿಸಿ ಫಲವಿಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದು ಹೊರಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ. ಇದೇ ಲೆಕ್ಕ ತಿರುಗಿಸಿದರೆ, ವೇಗವನ್ನು ಅರ್ಧಕ್ಕೆ ಇಳಿಸಿದರೂ ಸಾಕಷ್ಟು ಗೆದ್ದಂತೆ.

ಇಳಿಜಾರಿನ ನೆತ್ತಿಯಲ್ಲಿ 25 ಮೀಟರ್ ಉದ್ದದ ತಿರುವು ಕಾಲುವೆ ತೋಡಿದ್ದಾಯಿತು. ಅಗಲ 45 ಸೆಂ.ಮೀ., ಆಳ 30 ಸೆಂ.ಮೀ., ತೆಗೆದ ಮಣ್ಣು ಕೆಳಗಿನ ಬದಿಗೆ ಬದುವಾಗಿ ಹಾಕಿ ದಮ್ಮಸ್ಸು. ಇಳಿತ 200ಕ್ಕೆ 1. ಇದನ್ನು ಹಿಡಿಯಲು ಎ-ಚೌಕಟ್ಟಿನ ಇಳಿಮುಖದ ಕಾಲಿಗೆ 1 ಸೆಂ.ಮೀ. ದಪ್ಪದ ಮರದ ಚೂರು ಕಟ್ಟಿದರೆ ಆಯಿತು. ದಾರ ಸಮಮಟ್ಟದ ಗುರುತಿಗೆ ಬಂದಾಗ ನೆಲ 2 ಮೀಟರಿಗೆ 1 ಸೆಂ.ಮೀ. ಇಳಿದಿರುತ್ತದೆ. ಇದಕ್ಕಿಂತ ಕಡಿದಾದರೆ ಕಾಲುವೆಯೇ ಹೊಸ ಕೊರಕಲಾಗುತ್ತದೆ. ಪೂರ್ತಿ ಸಮಮಟ್ಟ ಮಾಡಿದರೆ ನೀರು ನಿಂತು ಯಾವುದೋ ಒಂದು ಕಡೆ ಬದು ಒಡೆಯುತ್ತದೆ. ಕಾಲುವೆಯ ಬಾಯಿ ಎಲ್ಲಿ ಬಿಡಬೇಕು ಎಂಬುದನ್ನು ತೋಡುವ ಮೊದಲೇ ತೀರ್ಮಾನಿಸಬೇಕು. ಇಲ್ಲಿ ದಟ್ಟ ಹುಲ್ಲು ಹಿಡಿದ ಬದಿಯ ಜಾಗವಿತ್ತು. ಬಾಯಿಯನ್ನು 2 ಮೀಟರಿಗೆ ಅಗಲಿಸಿ, ತಳವನ್ನು ಸಮಮಟ್ಟ ಮಾಡಿ, ನೀರು ತೆಳುವಾಗಿ ಹರಡುವಂತೆ ಬಿಟ್ಟದ್ದು. ಹುಲ್ಲಿಲ್ಲದ ಕಡೆ ಹೀಗೆ ಬಿಡುವಂತಿಲ್ಲ. ಕೊರಕಲಿನ ತಲೆಗೆ ಹತ್ತಿರದಲ್ಲಿ ಕಾಲುವೆ ತೋಡುವುದಾದರೆ ತಲೆಯ ಆಳದ ಮೂರು ಪಟ್ಟಾದರೂ ದೂರ ಇರಬೇಕು. ಇಲ್ಲವಾದರೆ ಇಂಗಿದ ನೀರೇ ತಲೆಯನ್ನು ಕುಸಿಯುವಂತೆ ಮಾಡುತ್ತದೆ.

ಕೊರಕಲಿನ ತಲೆ ಎಂದರೆ ನೀರು ಧುಮುಕುವ ನೆಟ್ಟನೆಯ ಮೆಟ್ಟಿಲು. ಬಿದ್ದ ನೀರು ಬುಡ ಕೊರೆಯುತ್ತದೆ, ಮೇಲಿನ ಅಂಚು ಜೋತು ಕಳಚುತ್ತದೆ, ತಲೆ ಮೇಲಕ್ಕೆ ಸರಿಯುತ್ತದೆ. ಆ 60 ಸೆಂ.ಮೀ. ಮೆಟ್ಟಿಲನ್ನು ಎತ್ತರ 1ಕ್ಕೆ ಅಡ್ಡ 3ರಂತೆ ಇಳಿಜಾರಾಗಿ ಕತ್ತರಿಸಿದ್ದು, ಅಂದರೆ 1.8 ಮೀಟರ್ ಹಿಂದಕ್ಕೆ. ಕತ್ತರಿಸಿದ ಮಣ್ಣನ್ನು ಕೊರಕಲಿಗೆ ಸುರಿಯಲಿಲ್ಲ. ಸಡಿಲ ಮಣ್ಣು ಮೊದಲ ಮಳೆಗೇ ಹೊರಡುತ್ತದೆ. ಅದು ಕಾಲುವೆಯ ಬದುವಿಗೆ ಹೋಯಿತು. ಇಳಿಜಾರಿನ ಮೇಲೆ 10 ಸೆಂ.ಮೀ. ಗರಸು, ಅದರ ಮೇಲೆ 20ರಿಂದ 25 ಸೆಂ.ಮೀ. ಕಾಡುಗಲ್ಲು. ಕೆಳಗಿನ ಮೊದಲ ಸಾಲು ಅರ್ಧ ಹೂತಿರಬೇಕು, ಮೇಲಿನವು ಒಂದನ್ನೊಂದು ಒತ್ತಿ ಕೂರಬೇಕು. ಗರಸಿನ ಪದರ ಬಿಟ್ಟರೆ ಏನಾಗುತ್ತದೆ ಎಂಬುದು ಮೊದಲ ತಿಂಗಳು ಗೊತ್ತಾಗುವುದಿಲ್ಲ. ಕಲ್ಲಿನ ಸಂದಿಯಿಂದ ನೀರು ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹೀರಿ ಎಳೆಯುತ್ತದೆ, ಕಲ್ಲು ಕುಳಿ ಬೀಳುತ್ತದೆ, ಕುಳಿಯಲ್ಲಿ ನೀರು ಕೂಡುತ್ತದೆ. ತುದಿಯ ಕಲ್ಲುಗಳು ನೆಲಮಟ್ಟಕ್ಕಿಂತ ಎರಡು ಬೆರಳು ತಗ್ಗಿರಬೇಕು. ಎತ್ತರ ನಿಂತರೆ ನೀರು ಬದಿ ಹಿಡಿಯುತ್ತದೆ.

ಮೂರು, ನಾಲ್ಕನೇ ವಾರ: ತಡೆಗಳು

ತಡೆಗಳ ನಡುವಿನ ಅಂತರಕ್ಕೆ ಸೂತ್ರ ಸರಳ: ಕೆಳಗಿನ ತಡೆಯ ಕೋಡಿಯ (ನೀರು ದಾಟಿ ಹರಿಯಲು ನಡುವೆ ಬಿಟ್ಟ ತಗ್ಗಿನ) ಮಟ್ಟ, ಮೇಲಿನ ತಡೆಯ ಬುಡದ ಮಟ್ಟಕ್ಕೆ ಸರಿಯಾಗಬೇಕು. ಅಂತರ ಅಂದರೆ ಕೋಡಿಯ ಎತ್ತರವನ್ನು ತಳದ ಇಳಿಜಾರಿನಿಂದ ಭಾಗಿಸಿದ್ದು. ಕೆಳಗಿನ ಅರ್ಧದಲ್ಲಿ ಕೊರಕಲು ಆಳವಾಗಿದ್ದರಿಂದ 45 ಸೆಂ.ಮೀ. ಕೋಡಿಯ ಕಲ್ಲಿನ ತಡೆ: 0.45 ಭಾಗ 0.12, ಅಂದರೆ 3.75 ಮೀಟರ್, ಒಟ್ಟು 3 ತಡೆ. ಮೇಲಿನ ಅರ್ಧದಲ್ಲಿ 30 ಸೆಂ.ಮೀ. ಎತ್ತರದ ಕೊಂಬೆ ತಡೆ: 2.5 ಮೀಟರಿಗೊಂದು, ಒಟ್ಟು 5. ಎತ್ತರದ ಎರಡೇ ತಡೆ ಕಟ್ಟಿ ಮುಗಿಸೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಗಿಡ್ಡ ತಡೆ ಒಂದು ಕೆಟ್ಟರೆ ಸರಿಮಾಡಬಹುದು. ಎತ್ತರದ್ದು ಒಡೆದರೆ ಅದರ ಹಿಂದೆ ಕೂಡಿದ ನೀರು ಹೂಳು ಒಟ್ಟಿಗೇ ಇಳಿದು ಕೆಳಗಿನದ್ದನ್ನೂ ಒಯ್ಯುತ್ತದೆ.

ಕಲ್ಲಿನ ತಡೆಗೆ ಮೊದಲು 30 ಸೆಂ.ಮೀ. ಆಳದ ಪಾಯ, ಎರಡೂ ದಂಡೆಯೊಳಗೆ 50 ಸೆಂ.ಮೀ. ಹೋಗುವಂತೆ. ಮೇಲ್ತಲೆಯ ಅಗಲ 40 ಸೆಂ.ಮೀ. ನೀರು ಬರುವ ಮುಖ 1ಕ್ಕೆ 1, ನೀರು ಇಳಿಯುವ ಮುಖ 1ಕ್ಕೆ 2. ಈ ಲೆಕ್ಕಕ್ಕೆ ಒಂದೊಂದಕ್ಕೂ ಸುಮಾರು 2.5 ಘನ ಮೀಟರ್ ಕಲ್ಲು ಬೇಕು, ಕೆಳಗಿನ ಕಲ್ಲುಹಾಸೂ ಸೇರಿ. ಗುಂಡುಕಲ್ಲು ಉರುಳುತ್ತದೆ, ಮೂಲೆ ಇರುವ ಕಾಡುಗಲ್ಲೇ ಬೇಕು. ದೊಡ್ಡವು ಹೊರಮುಖಕ್ಕೆ, ಚಿಕ್ಕವು ಹೊಟ್ಟೆಗೆ, ಚಕ್ಕೆಗಳು ಸಂದಿಗೆ. ಕಲ್ಲಿನ ಉದ್ದ ನೀರು ಹರಿಯುವ ದಿಕ್ಕಿಗೆ ಇರಲಿ. ಮೇಲೆ ನಿಂತು ಕುಣಿದರೂ ಒಂದು ಕಲ್ಲೂ ಅಲುಗಾಡಬಾರದು.

ನಡುವೆ 80 ಸೆಂ.ಮೀ. ಅಗಲ, 20 ಸೆಂ.ಮೀ. ತಗ್ಗಿನ ಕೋಡಿ. ಇಷ್ಟು ಸಾಕೇ ಎಂದು ನೋಡಬೇಕಲ್ಲ. ಮೇಲಿನ ಕಾಲುವೆ ಒಡೆದು 2,000 ಚದರ ಮೀಟರಿನ ನೀರೂ ಇಲ್ಲಿಗೇ ಬಂತೆಂದು ಹಿಡಿದು, ಗಂಟೆಗೆ 80 ಮಿ.ಮೀ. ಮಳೆಯಲ್ಲಿ ಅರ್ಧ ಹರಿದರೆ ಸೆಕೆಂಡಿಗೆ ಸುಮಾರು 22 ಲೀಟರ್. ಈ ಕೋಡಿ ತುಂಬಿ ಹರಿದರೆ ಸುಮಾರು 120 ಲೀಟರ್ ಬಿಡುತ್ತದೆ. ಐದು ಪಟ್ಟು ಜಾಸ್ತಿ ಎನಿಸಬಹುದು; ಒಂದು ಕೊಂಬೆ, ಒಂದು ಮಡಿಲು ತರಗೆಲೆ ಅಡ್ಡ ಸಿಕ್ಕಿದರೆ ಆ ಐದು ಪಟ್ಟು ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಕೋಡಿಯ ಕೆಳಗೆ, ನೀರು ಬೀಳುವ ಕಡೆ, ಬೀಳುವ ಎತ್ತರದ ಒಂದೂವರೆ ಪಟ್ಟು ಉದ್ದದ ಕಲ್ಲುಹಾಸು: ಇಲ್ಲಿ 70 ಸೆಂ.ಮೀ. ಅದರ ಮೇಲ್ಮೈ ಕೊರಕಲಿನ ತಳಕ್ಕೆ ಸಮನಾಗಿ ಹೂತಿರಬೇಕು.

ಕೊಂಬೆ ತಡೆಗೆ 5ರಿಂದ 7 ಸೆಂ.ಮೀ. ದಪ್ಪದ ಗೂಟಗಳು, 60 ಸೆಂ.ಮೀ. ನೆಲದೊಳಗೆ, ಅರ್ಧ ಮೀಟರಿಗೊಂದು. ಇಂಥ ಎರಡು ಸಾಲು, ನಡುವೆ ಅರ್ಧ ಮೀಟರ್. ತಳದಲ್ಲಿ ಒಂದು ಗೇಣು ಒಣಹುಲ್ಲು ಹಾಸಿ, ಮೇಲೆ ಕೊಂಬೆಗಳನ್ನು ಅಡ್ಡಡ್ಡ ತುಳಿದು ತುಂಬಿ, ಎದುರುಬದುರಿನ ಗೂಟಗಳನ್ನು ನಾರಿನ ಹಗ್ಗದಿಂದ ಬಿಗಿದು ಕಟ್ಟಿದ ಮೇಲೆ ಗೂಟಗಳನ್ನು ಇನ್ನೊಂದು ನಾಲ್ಕು ಬೆರಳು ಒಳಗೆ ಹೊಡೆದರೆ ಕಟ್ಟು ಬಿಗಿಯಾಗುತ್ತದೆ. ಇಲ್ಲೂ ನಡುವೆ ತಗ್ಗು, ಬದಿ ಎತ್ತರ.

ಐದನೇ ವಾರ: ದಂಡೆ, ಬಲೆ, ಜೀವಂತ ಗೂಟ

ನೆಟ್ಟಗೆ ನಿಂತ ದಂಡೆಗೆ ಯಾವ ಬೀಜವೂ ನಿಲ್ಲದು. ಎರಡೂ ಬದಿಯನ್ನು 1ಕ್ಕೆ 1 ಇಳಿಜಾರಾಗಿ ಕೆತ್ತಿ, ಹುಲ್ಲು ಮತ್ತು ದ್ವಿದಳ ಗಿಡಗಳ ಬೀಜ ಚದರ ಮೀಟರಿಗೆ 3 ಗ್ರಾಂನಂತೆ, ಹತ್ತು ಪಟ್ಟು ಮರಳಿನಲ್ಲಿ ಬೆರೆಸಿ ಎರಚಿದ್ದು. ಮೇಲೆ ತೆಂಗಿನ ನಾರಿನ ಬಲೆ. ಬಲೆಯ ಮೇಲಿನ ಅಂಚನ್ನು 20 ಸೆಂ.ಮೀ. ಆಳದ ಸಾಲಿನಲ್ಲಿ ಹೂತು ಮಣ್ಣು ತುಳಿಯಬೇಕು. ಎರಡು ಹಾಳೆ ಸೇರುವಲ್ಲಿ 15 ಸೆಂ.ಮೀ. ಒಂದರ ಮೇಲೊಂದು, ಮೇಲಿನದ್ದು ಕೆಳಗಿನದ್ದರ ಮೇಲೆ. ಚದರ ಮೀಟರಿಗೆ 4 ಮೊಳೆಗೂಟ.

ಉಳಿದ ಬರಿನೆಲಕ್ಕೆ ಒಣಹುಲ್ಲಿನ ಮುಚ್ಚಿಗೆ, ಚದರ ಮೀಟರಿಗೆ 450 ಗ್ರಾಂ. ಗಾಳಿಗೆ ಹಾರದಂತೆ ಗುದ್ದಲಿಯ ಬಾಯಿಂದ ಅಲ್ಲಲ್ಲಿ ಮಣ್ಣಿಗೆ ಒತ್ತಿದ್ದು. ಮರದ ಹೊಟ್ಟು, ಚಕ್ಕೆಯನ್ನು ಮೇಲೆ ಹಾಸಬಹುದು, ಮಣ್ಣಿಗೆ ಬೆರೆಸಬಾರದು. ಬೆರೆಸಿದರೆ ಕೊಳೆಯುವಾಗ ಸಾರಜನಕ ಎಳೆದುಕೊಂಡು ಎಳೆಯ ಹುಲ್ಲು ಹಳದಿಯಾಗುತ್ತದೆ.

ಜೀವಂತ ಗೂಟಕ್ಕೆ ಗ್ಲಿರಿಸಿಡಿಯ ಮತ್ತು ಲಕ್ಕಿ. ಚಳಿ ನಾಡುಗಳಲ್ಲಿ ಇದೇ ಕೆಲಸಕ್ಕೆ ವಿಲ್ಲೋ ಬಳಸುತ್ತಾರೆ. 90 ಸೆಂ.ಮೀ. ಉದ್ದ, 3 ಸೆಂ.ಮೀ. ದಪ್ಪ, ಬುಡ ಓರೆಯಾಗಿ, ತಲೆ ಚಪ್ಪಟೆಯಾಗಿ ಕತ್ತರಿಸಿದರೆ ತಲೆಕೆಳಗು ಮಾಡುವ ತಪ್ಪು ಆಗುವುದಿಲ್ಲ. ಹಾರೆಯಿಂದ ಮೊದಲು ತೂತು ಮಾಡಿ, 60 ಸೆಂ.ಮೀ. ಒಳಗಿಳಿಸಿ, ಸುತ್ತ ಮಣ್ಣು ಗಟ್ಟಿಯಾಗಿ ತುಳಿಯಬೇಕು. ಒಳಗೆ ಪೊಳ್ಳು ಉಳಿದರೆ ಬೇರು ಬರುವುದಿಲ್ಲ. ಎರಡೂ ದಂಡೆಯಲ್ಲಿ ಮೀಟರಿಗೊಂದರಂತೆ 48 ಗೂಟ. ನೀರು ಹರಿಯುವ ನಡುವೆ ಒಂದನ್ನೂ ನೆಡಬಾರದು. ಅಲ್ಲಿ ಪೊದೆ ಬೆಳೆದರೆ ನೀರು ದಂಡೆಗೆ ತಿರುಗುತ್ತದೆ.

ಮೊದಲ ಹದಮಳೆ: ಲಾವಂಚದ ಸಾಲು

ಇಳಿಜಾರಿಗೆ ಅಡ್ಡಲಾಗಿ 8 ಮೀಟರಿಗೊಂದರಂತೆ 4 ಸಾಲು. 40 ಮೀಟರಿನ ಒಂದೇ ಓಟ 8 ಮೀಟರಿನ ಐದು ತುಂಡಾಗುತ್ತದೆ. ಇಷ್ಟು ಕಡಿದಾದ ನೆಲದಲ್ಲಿ ಚದರ ಮೀಟರಿಗೆ ಹೋಗುವ ಮಣ್ಣು ಓಟದ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಸಾಲುಗಳು ನೀರಿನ ಓಟವನ್ನು ನಿಜವಾಗಿ ಮುರಿದರೆ ಉದ್ದ ಕಡಿಮೆಯಾದದ್ದರಿಂದಲೇ ಸವಕಳಿ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಆದರೆ ಮುರಿಯಬೇಕು, ಅಂದರೆ ಸಾಲಿನಲ್ಲಿ ಸಂದಿ ಇರಬಾರದು.

ಮೊದಲ ಸಾಲು 20 ಮೀಟರ್, ಉಳಿದ ಮೂರು ಕೊರಕಲಿನ ಜಾಗ ಬಿಟ್ಟು 18.5 ಮೀಟರ್, 10 ಸೆಂ.ಮೀ.ಗೆ ಒಂದರಂತೆ 755 ಸಸಿ, ಸತ್ತವುಗಳ ಜಾಗ ತುಂಬಲು ಇನ್ನೊಂದು 75. ಒಂದೊಂದು ಸಸಿಯಲ್ಲೂ 3 ತೆಂಡೆ (ಬುಡದಿಂದ ಒಡೆದ ಕವಲು). ಬೇರು 10 ಸೆಂ.ಮೀ.ಗೆ, ಎಲೆ 20 ಸೆಂ.ಮೀ.ಗೆ ಕತ್ತರಿಸಿ, ಸಗಣಿ ಮಣ್ಣಿನ ಬಗ್ಗಡದಲ್ಲಿ ಅದ್ದಿ, 15 ಸೆಂ.ಮೀ. ಆಳದ ಸಾಲಿನಲ್ಲಿ ನೆಟ್ಟು ಬುಡ ಒತ್ತಬೇಕು. ಒಂಟಿ ತೆಂಡೆ ನೆಟ್ಟು ಉಳಿಸಿದ ಸಸಿ, ಮುಂದೆ ಸಂದಿ ತುಂಬುವಾಗ ಎರಡರಷ್ಟು ಕೆಲಸ ತರುತ್ತದೆ. ಮೊದಲ ಎರಡು ತಿಂಗಳು ಕಳೆ ತೆಗೆಯಬೇಕು, ಲಾವಂಚ ನೆರಳು ತಾಳುವುದಿಲ್ಲ. ಮೂರು ನಾಲ್ಕು ತಿಂಗಳಿಗೆ 30ರಿಂದ 40 ಸೆಂ.ಮೀ. ಎತ್ತರಕ್ಕೆ ಕತ್ತರಿಸಿದರೆ ತೆಂಡೆ ಒಡೆದು ಸಾಲು ಗೋಡೆಯಂತೆ ಕೂಡಿಕೊಳ್ಳುತ್ತದೆ. ಕತ್ತರಿಸಿದ ಎಲೆ ಅಲ್ಲೇ ಮುಚ್ಚಿಗೆಗೆ.

ಮೊದಲ ಜೋರು ಮಳೆ: ಏನು ಕೆಟ್ಟಿತು

ಕೆಳಗಿನಿಂದ ಎರಡನೇ ಕಲ್ಲಿನ ತಡೆ. ಕೋಡಿಯಲ್ಲಿ ಕಲ್ಲು ಒದ್ದೆ, ಆದರೆ ಹೂಳಿನ ಗುರುತಿಲ್ಲ. ಎಡದಂಡೆಯಲ್ಲಿ ತಡೆಯ ಹೆಗಲಿಗೂ (ಕೋಡಿಯ ಬದಿಯ ಎತ್ತರದ ಭಾಗಕ್ಕೂ) ಮಣ್ಣಿಗೂ ನಡುವೆ ಎರಡು ಬೆರಳಗಲದ ಬಿರುಕು, ಅದರ ಕೆಳಗೆ ತೊಳೆದಿಟ್ಟಂತೆ ಬೆಳ್ಳಗಿನ ಹರಳುಗಳ ಒಂದು ಬೀಸಣಿಗೆ. ಮಣ್ಣು ಹೋಗಿ ಹರಳು ಉಳಿದಿದೆ ಎಂದರೆ ನೀರು ಹಾದದ್ದು ಅಲ್ಲಿಯೇ. ಮಟ್ಟದ ದಾರ ಹಿಡಿದು ನೋಡಿದಾಗ ಕೋಡಿ ಹೆಗಲಿಗಿಂತ 20ರ ಬದಲು 8 ಸೆಂ.ಮೀ. ಮಾತ್ರ ತಗ್ಗಿತ್ತು; ಕೊನೆಯಲ್ಲಿ ಇಟ್ಟ ಎರಡು ದಪ್ಪ ಕಲ್ಲು ಅದನ್ನು ಎತ್ತರಿಸಿದ್ದವು. ಮೇಲೆ ತರಗೆಲೆ ಕಟ್ಟಿಕೊಂಡಿತ್ತು. ದುರಸ್ತಿ: ಆ ಎರಡು ಕಲ್ಲು ತೆಗೆದು ಕೋಡಿ ಇಳಿಸಿದ್ದು, ಎಡದಂಡೆಯನ್ನು 80 ಸೆಂ.ಮೀ.ವರೆಗೆ ಬಿಡಿಸಿ ಚಿಕ್ಕ ಕಲ್ಲು ಮತ್ತು ಹಸಿ ಜೇಡಿಯನ್ನು 10 ಸೆಂ.ಮೀ. ಪದರಗಳಲ್ಲಿ ದಮ್ಮಸ್ಸು ಮಾಡುತ್ತ ತುಂಬಿದ್ದು. ಬಿರುಕಿಗೆ ಬರೀ ಮಣ್ಣು ತುರುಕಿದ್ದರೆ ಮುಂದಿನ ಮಳೆಗೆ ಅದೇ ದಾರಿ ತೆರೆಯುತ್ತಿತ್ತು.

ಮೇಲಿನಿಂದ ಮೂರನೇ ಕೊಂಬೆ ತಡೆಯಲ್ಲಿ ನೀರು ಅಡಿಯಿಂದ ನುಗ್ಗಿತ್ತು. ತಳ ಸಮ ಮಾಡದೆ ಹುಲ್ಲು ಹಾಸಿದ್ದರಿಂದ ಒಂದು ಕುಳಿ ಪೊಳ್ಳಾಗಿ ಉಳಿದಿತ್ತು. ಬಿಚ್ಚಿ, ಕುಳಿಗೆ ಗರಸು ತುಂಬಿ, ಹುಲ್ಲನ್ನು ತಡೆಯ ಮೇಲ್ಬದಿಗೂ ಒಂದು ಮೊಳ ಚಾಚುವಂತೆ ಹಾಸಿ ಮತ್ತೆ ಕಟ್ಟಿದ್ದು.

ಬಲದಂಡೆಯ ಬಲೆ ಒಂದು ಕಡೆ ಡೇರೆಯಂತೆ ಎದ್ದು ನಿಂತು ಅಡಿಯಲ್ಲಿ ಸಣ್ಣ ಸಾಲು ಕೊರೆದಿತ್ತು. ಕಾರಣ ಒಂದು ಮುಷ್ಟಿ ಗಾತ್ರದ ಹೆಂಟೆ. ಹೆಂಟೆ ಒಡೆದು, ಸಾಲು ಮುಚ್ಚಿ, ಬಲೆ ನೆಲಕ್ಕೆ ಅಂಟುವಂತೆ ಅಲ್ಲಿಗೆ ಇನ್ನೂ ಆರು ಮೊಳೆಗೂಟ.

ನಾಲ್ಕನೇ ಲಾವಂಚದ ಸಾಲಿನ ತುದಿಯಲ್ಲಿ 14 ಸಸಿ ಒಣಗಿದವು, ಮರದ ನೆರಳು. ಅಲ್ಲಿ ಮತ್ತೆ ಲಾವಂಚ ನೆಡುವುದು ದಂಡ. ಆ ಒಂದೂವರೆ ಮೀಟರಿಗೆ ಒಂದು ಮೊಳ ಎತ್ತರದ ಕಲ್ಲಿನ ಸಾಲು, ತುದಿಯನ್ನು ಮೇಲ್ಮುಖಕ್ಕೆ ಸ್ವಲ್ಪ ಬಾಗಿಸಿ. ಸಾಲಿನ ತುದಿ ಹೀಗೆ ಮೇಲಕ್ಕೆ ತಿರುಗಿರದಿದ್ದರೆ ಕೂಡಿದ ನೀರು ಕೊನೆಯ ಬುಡವನ್ನು ಸುತ್ತಿ ಇಳಿಯುತ್ತದೆ.

ಮುಂದಿನ ನಿಗಾ

ಮಣ್ಣಿನ ಏರುಪೇರು ತಿಳಿಯಲು 10 ಮಿ.ಮೀ. ದಪ್ಪ, 40 ಸೆಂ.ಮೀ. ಉದ್ದದ ಕಬ್ಬಿಣದ ಸರಳುಗಳನ್ನು 10 ಸೆಂ.ಮೀ. ಮೇಲೆ ಉಳಿಯುವಂತೆ ಹೊಡೆದಿದೆ: ಪ್ರತಿ ಸಾಲಿನ ಮೇಲ್ಬದಿಗೆ ಎರಡು, ಕೆಳಬದಿಗೆ ಎರಡು. ಸರಳಿನ ಬುಡದ ಸುತ್ತ ತುಳಿದರೆ ಅಳತೆ ಕೆಡುತ್ತದೆ, ಬದಿಯಲ್ಲಿ ನಿಂತೇ ಓದಬೇಕು. ಮೇಲ್ಬದಿಯ ಸರಳು ಕುಳ್ಳಗಾಗಿ ಕೆಳಬದಿಯದ್ದು ಬದಲಾಗದೆ ಉಳಿದರೆ ಸಾಲು ಹೂಳು ಹಿಡಿಯುತ್ತಿದೆ. ಎರಡೂ ಎತ್ತರವಾಗುತ್ತಿದ್ದರೆ ಸಾಲಿನಲ್ಲಿ ಎಲ್ಲೋ ಸಂದಿ ಇದೆ, ಹುಡುಕಬೇಕು.

ಪ್ರತಿ ಜೋರು ಮಳೆಯ ಮರುದಿನ ಕೋಡಿಯ ತರಗೆಲೆ ತೆಗೆಯುವುದು, ಹೆಗಲಿನ ಸಂದಿಗೆ ಕೈಹಾಕಿ ನೋಡುವುದು, ಕಾಲುವೆಯಲ್ಲಿ ಬಿದ್ದ ಹೂಳು ಎತ್ತುವುದು. ಕಲ್ಲಿನ ತಡೆಯ ಹಿಂದೆ ಹೂಳು ಕೋಡಿಯ ಮಟ್ಟ ಮುಟ್ಟಿದಾಗ ಅದನ್ನು ತೆಗೆಯಬಾರದು. ಕೊರಕಲಿನ ತಳ ಏರುವುದೇ ಬೇಕಾದದ್ದು. ಆ ಹೂಳಿನ ಮೇಲೆ, ತಡೆಗೆ ಒಂದು ಮೊಳ ಹಿಂದೆ, ಒಂದು ಸಾಲು ಲಾವಂಚ ನೆಟ್ಟು ಬೇರೂರಲು ಒಂದು ಮಳೆಗಾಲ ಬಿಡಬೇಕು. ದಂಡೆ ಇನ್ನೂ 40 ಸೆಂ.ಮೀ. ಎತ್ತರ ಉಳಿದಿದ್ದರೆ ಮಾತ್ರ ಎರಡನೇ ವರಸೆ ಕಲ್ಲು: 20 ಸೆಂ.ಮೀ. ಎತ್ತರ, ಹಳೆಯ ತಡೆಯ ತಲೆಯ ಮೇಲಲ್ಲ, ಲಾವಂಚದ ಮೇಲ್ಬದಿಯ ಹೂಳಿನಲ್ಲಿ ಪಾಯ ತೋಡಿ, ಮತ್ತೆ ಎರಡೂ ದಂಡೆಯೊಳಗೆ ಅರ್ಧ ಮೀಟರ್ ಹೋಗುವಂತೆ.